ಕೀಲಿಗೊಂದು ಟೊಪ್ಪಿಗೆ

ಟೋಕಿಯೋ ನಗರದ ನಡುಭಾಗದಲ್ಲಿ, ಕಾಂಡಾ ನದಿಯ ಉತ್ತರ ದಂಡೆಗೆ ಅಕಿಹಾಬಾರಾ ಎಂಬ ಪೇಟೆಯಿದೆ. ಜಪಾನಿನ ರಾಜಧಾನಿಗೆ ಹೋದ ಪ್ರವಾಸಿಗಳಲ್ಲಿ ಈ ಪೇಟೆಯನ್ನು ಕಂಡು ಬರುವವರು ಅನೇಕ. ರೈಲು ನಿಲ್ದಾಣದ ‘ವಿದ್ಯುತ್ ಪೇಟೆ’ ದ್ವಾರದಿಂದ ಹೊರಬಿದ್ದೊಡನೆ ಕಣ್ಣಿಗೆ ರಾಚುವುದು ಬಣ್ಣದ ಬೆಳಕು. ಕಿವಿಗೆ ಬಡಿಯುವುದು ಅಂಗಡಿ ಅಂಗಡಿಯಿಂದ ಹೊಮ್ಮುವ ಸಂಗೀತ. ಆರೇಳು ಅಂತಸ್ತಿನ ಕಟ್ಟಡಗಳ ಮೈತುಂಬ ಚಿತ್ರಕಥೆಗಳ ನಾಯಕ ನಾಯಕಿಯರು ವಿಶಾಲವಾದ ಕಣ್ಣುಗಳನ್ನು ಅರಳಿಸಿಕೊಂಡು ನಿಂತಿರುತ್ತಾರೆ. ಮೊದಲ ಸಲ ಬಂದವರು ಈ ಥಳಕನ್ನೇ ಅಕಿಹಾಬಾರಾ ಎಂದು ತಿಳಿದು, ನಾಲ್ಕು ಚಿತ್ರಗಳನ್ನು ತೆಗೆದುಕೊಂಡು ಹಿಂತಿರುಗುವುದುಂಟು.

ಆದರೆ ಹೆದ್ದಾರಿಯನ್ನು ಬಿಟ್ಟು ಹಿಂದಿನ ಗಲ್ಲಿಗಳಿಗೆ ಕಾಲಿಟ್ಟರೆ ಬೇರೆಯೇ ಒಂದು ಲೋಕ ತೆರೆದುಕೊಳ್ಳುತ್ತದೆ. ಒಬ್ಬ ಮನುಷ್ಯ ಕೈಚಾಚಿದರೆ ಎರಡು ಗೋಡೆಗಳೂ ಸಿಗುವಷ್ಟು ಇಕ್ಕಟ್ಟಾದ ಮಳಿಗೆಗಳು. ಸಣ್ಣ ಸಣ್ಣ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ತಿರುಪು, ತಂತಿ, ಗುಂಡಿ, ದೀಪ, ಸ್ವಿಚ್ಚುಗಳು. ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದೊಂದನ್ನೇ ಎಣಿಸಿ ಕೊಡುವ ವಯಸ್ಸಾದ ವರ್ತಕರು. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ಈ ಗಲ್ಲಿಗಳ ಚಹರೆ ಅಪರಿಚಿತವೆನಿಸದು. ಸಿದ್ಧವಸ್ತುವನ್ನು ಕೊಳ್ಳುವವರಿಗಲ್ಲ, ಬಿಡಿಭಾಗಗಳನ್ನು ತಂದು ತಾವೇ ಜೋಡಿಸುವವರಿಗೆ ಮೀಸಲಾದ ಮಾರುಕಟ್ಟೆ ಇದು. ಈ ಹಳೆಯ ಕಸುಬಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಕವಲು ಒಡೆದಿದೆ: ಗಣಕಯಂತ್ರದ ಕೀಲಿಮಣೆಯನ್ನು ತನ್ನ ಕೈಗೆ, ತನ್ನ ಕಿವಿಗೆ, ತನ್ನ ಮನಸ್ಸಿಗೆ ಒಪ್ಪುವಂತೆ ತಾನೇ ಕಟ್ಟಿಕೊಳ್ಳುವ ಹವ್ಯಾಸ.

ಬೆಂಕಿಯಿಂದ ಹುಟ್ಟಿದ ಊರು

ಅಕಿಹಾಬಾರಾ ಎಂಬ ಹೆಸರಿನ ಹಿಂದೆ ಒಂದು ದುರಂತವಿದೆ. 1869ರಲ್ಲಿ ಇಲ್ಲಿ ಭಾರಿ ಬೆಂಕಿ ಬಿದ್ದು ಮನೆಗಳು ಸುಟ್ಟುಹೋದವು. ಮರುವರ್ಷ ಸರ್ಕಾರ ಆ ಜಾಗವನ್ನು ಬಯಲಾಗಿಯೇ ಉಳಿಸಿ, ಬೆಂಕಿಯನ್ನು ತಡೆಯಲೆಂದು ಅಲ್ಲೊಂದು ಗುಡಿಯನ್ನು ಕಟ್ಟಿಸಿತು. ಅಗ್ನಿಭಯವನ್ನು ನಿವಾರಿಸುವ ‘ಅಕಿಬಾ’ ದೇವರೇ ಅಲ್ಲಿ ನೆಲಸಿರುವನೆಂದು ಜನ ಭಾವಿಸಿ, ಆ ಬಯಲನ್ನು ಅಕಿಬಾ ಬಯಲು ಎಂದು ಕರೆದರು. ಗುಡಿ ಮುಂದೆ ಬೇರೆಡೆಗೆ ಹೋಯಿತು. 1890ರಲ್ಲಿ ಸರಕು ಸಾಗಣೆಯ ರೈಲು ನಿಲ್ದಾಣ ಬಂತು. ಹೆಸರು ಮಾತ್ರ ಉಳಿಯಿತು.

ಎರಡನೆಯ ಮಹಾಯುದ್ಧದ ಬಾಂಬುಗಳು ಟೋಕಿಯೋವನ್ನು ಬೂದಿ ಮಾಡಿದ ಮೇಲೆ ಈ ಭಾಗದ ಬೀದಿಗಳಲ್ಲಿ ರೇಡಿಯೋ ಬಿಡಿಭಾಗಗಳ ವ್ಯಾಪಾರ ತಲೆಯೆತ್ತಿತು. ಯುದ್ಧದಲ್ಲಿ ಉಳಿದ ಸಾಮಗ್ರಿ ಅಗ್ಗವಾಗಿ ದೊರೆಯುತ್ತಿತ್ತು. ಕಾರ್ಖಾನೆಯ ರೇಡಿಯೋಗೆ ತೆರಿಗೆಯ ಭಾರವಿತ್ತು. ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದ ರೇಡಿಯೋ ಅದಕ್ಕಿಂತ ಅಗ್ಗಕ್ಕೆ ಒದಗುತ್ತಿತ್ತು. ಹತ್ತಿರದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳೂ ಈ ಕೆಲಸದಿಂದ ಖರ್ಚಿಗೆ ನಾಲ್ಕು ಕಾಸು ಸಂಪಾದಿಸುತ್ತಿದ್ದರು. 1949ರಲ್ಲಿ ಅಮೆರಿಕನ್ ಆಡಳಿತ ಬೀದಿ ವ್ಯಾಪಾರವನ್ನು ತೆರವುಗೊಳಿಸಲು ಆಜ್ಞಾಪಿಸಿದಾಗ, ಎತ್ತರಿಸಿದ ರೈಲುಮಾರ್ಗದ ಕಮಾನುಗಳ ಕೆಳಗೆ ಈ ವರ್ತಕರಿಗೆ ನೆಲೆ ದೊರೆಯಿತು. ತಲೆಯ ಮೇಲೆ ರೈಲು ಗಡಗಡಿಸುವ ಆ ಮಳಿಗೆಗಳಲ್ಲಿ ‘ರೇಡಿಯೋ ಸೆಂಟರ್’ ಇಂದಿಗೂ ನಡೆಯುತ್ತಿದೆ.

ರೇಡಿಯೋದ ನಂತರ ಟೆಲಿವಿಷನ್, ರೆಫ್ರಿಜರೇಟರ್, ಬಟ್ಟೆ ಒಗೆಯುವ ಯಂತ್ರಗಳ ಕಾಲ ಬಂತು. 1976ರಲ್ಲಿ ಎನ್‌ಇಸಿ ಸಂಸ್ಥೆ ಇಲ್ಲಿನ ‘ರೇಡಿಯೋ ಕೈಕಾನ್’ ಕಟ್ಟಡದ ಏಳನೆಯ ಅಂತಸ್ತಿನಲ್ಲಿ ಒಂದು ಕೊಠಡಿಯನ್ನು ತೆರೆದು, ಬಿಡಿಬಿಡಿಯಾಗಿ ಕೊಂಡು ಜೋಡಿಸಬಹುದಾದ ಪುಟ್ಟ ಗಣಕಯಂತ್ರದ ಬಗ್ಗೆ ಆಸಕ್ತರಿಗೆ ವಿವರಿಸತೊಡಗಿತು. ಶಾಲೆಯ ಹುಡುಗರಿಂದ ಹಿಡಿದು ತಲೆ ನರೆತವರವರೆಗೆ ಜನ ಅಲ್ಲಿ ನೆರೆಯುತ್ತಿದ್ದರು.

ಕಾಲಕ್ರಮೇಣ ಜೋಡಿಸುವವರು ಕಡಮೆಯಾದರು. ಸಿದ್ಧಯಂತ್ರಗಳು ಅಗ್ಗವಾದವು, ಒಡೆದರೆ ರಿಪೇರಿ ಮಾಡುವ ಬದಲು ಎಸೆಯುವ ವಾಡಿಕೆ ಬಂತು. 1949ರಿಂದ ನಡೆದು ಬಂದಿದ್ದ ‘ರೇಡಿಯೋ ಸ್ಟೋರ್’ ಎಂಬ ಮಳಿಗೆಗಳ ಸಮೂಹ 2013ರ ನವೆಂಬರ್ ತಿಂಗಳಿನ ಕೊನೆಯ ದಿನ ಬಾಗಿಲು ಹಾಕಿತು. ಅರವತ್ತನಾಲ್ಕು ವರ್ಷಗಳ ವ್ಯಾಪಾರ ಅಂದಿಗೆ ಮುಗಿಯಿತು. ಒಂದು ಅಂಗಡಿ ಮುಚ್ಚಿದರೆ ಹೋಗುವುದು ಕೇವಲ ಸರಕಲ್ಲ. ಯಾವ ತಿರುಪು ಯಾವ ರಂಧ್ರಕ್ಕೆ, ಯಾವ ಲೋಹ ಯಾವ ಶಾಖಕ್ಕೆ ಎಂದು ಗಿರಾಕಿಗೆ ಹೇಳಿಕೊಡುತ್ತಿದ್ದ ಬಾಯಿಮಾತಿನ ವಿದ್ಯೆಯೂ ಹೋಗುತ್ತದೆ. ಕೈಯಿಂದ ಮಾಡುವವರ ಪೇಟೆ ಬರಿಯ ನೋಡುವವರ ಪೇಟೆಯಾಗಿಬಿಡುವುದೇ ಎಂಬ ಕಳವಳ ಅನೇಕರನ್ನು ಕಾಡಿತು.

ಒಂದು ಕೀಲಿಯೊಳಗೆ

ಹೀಗಿರಲು ಈ ಕಸುಬಿಗೆ ಜೀವ ಕೊಟ್ಟದ್ದು ಕೀಲಿಮಣೆಯಂಥ ಸಾಮಾನ್ಯ ವಸ್ತು ಎಂದರೆ ಅಚ್ಚರಿಯಾದೀತು. ಇದನ್ನು ಅರಿಯಬೇಕಾದರೆ ಕೀಲಿಯೊಳಗೆ ಇಣುಕಿ ನೋಡಬೇಕು.

ಕಚೇರಿಗಳಲ್ಲಿ ಕಾಣುವ ಅಗ್ಗದ ಕೀಲಿಮಣೆಗಳಲ್ಲಿ ಎಲ್ಲ ಕೀಲಿಗಳ ಅಡಿಯಲ್ಲೂ ರಬ್ಬರಿನ ಒಂದೇ ಹಾಳೆ ಹಾಸಿರುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಅದರಲ್ಲಿ ಒಂದು ಪುಟ್ಟ ಗುಮ್ಮಟ. ಕೀಲಿಯನ್ನು ಅದುಮಿದಾಗ ಗುಮ್ಮಟ ಕುಸಿದು ಕೆಳಗಿನ ಪದರಗಳನ್ನು ಕೂಡಿಸುತ್ತದೆ. ಕೆಲಸವೇನೋ ನಡೆಯುತ್ತದೆ, ಆದರೆ ಬೆರಳಿಗೆ ಹಿಟ್ಟಿನ ಮುದ್ದೆಯನ್ನು ಒತ್ತಿದ ಅನುಭವ. ಯಾಂತ್ರಿಕ ಕೀಲಿಮಣೆಯ ರೀತಿ ಬೇರೆ. ಅದರಲ್ಲಿ ಒಂದೊಂದು ಕೀಲಿಗೂ ಒಂದೊಂದು ಪ್ರತ್ಯೇಕವಾದ ಸ್ವಿಚ್. ಪ್ಲಾಸ್ಟಿಕ್ಕಿನ ಪುಟ್ಟ ಗೂಡು, ಅದರೊಳಗೆ ಮೇಲೆ ಕೆಳಗೆ ಜಾರುವ ಒಂದು ದಿಂಡು, ದಿಂಡನ್ನು ಮೇಲಕ್ಕೆತ್ತುವ ಉಕ್ಕಿನ ಸ್ಪ್ರಿಂಗ್, ಒಂದನ್ನೊಂದು ಮುಟ್ಟಿದಾಗ ವಿದ್ಯುತ್ತನ್ನು ಹರಿಸುವ ಎರಡು ಲೋಹದ ಎಲೆಗಳು ಇವಿಷ್ಟೇ ಅದರ ಅಂಗಾಂಗಗಳು. ಚೆರಿ ಎಂಬ ಸಂಸ್ಥೆ 1980ರ ದಶಕದಲ್ಲಿ ಜರ್ಮನಿಯಲ್ಲಿ ರೂಪಿಸಿದ ಸ್ವಿಚ್ ಈಗಿನ ಬಹುತೇಕ ಸ್ವಿಚ್ಚುಗಳಿಗೆ ಮೂಲಮಾದರಿ. ಅದರ ದಿಂಡು ಸುಮಾರು 4 ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಸುಮಾರು ಅರ್ಧ ದಾರಿಯಲ್ಲೇ ಅಕ್ಷರ ಮೂಡಿಬಿಡುತ್ತದೆ. ಬೆರಳು ತಳವನ್ನು ಗುದ್ದಬೇಕಾಗಿಲ್ಲ.

ಇಂಥ ಸ್ವಿಚ್ಚುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಎಲ್ಲೂ ತಡೆಯಿಲ್ಲದೆ ನುಣ್ಣಗೆ ಇಳಿಯುವುದು ಒಂದು. ನಡುವೆ ಸಣ್ಣದೊಂದು ಉಬ್ಬನ್ನು ದಾಟಿದಂತೆ ಬೆರಳಿಗೆ ತಿಳಿಯುವುದು ಇನ್ನೊಂದು. ಆ ಉಬ್ಬಿನೊಡನೆ ‘ಟಿಕ್’ ಎಂದು ಸದ್ದನ್ನೂ ಮಾಡುವುದು ಮೂರನೆಯದು. ಇವುಗಳನ್ನು ಗುರುತಿಸಲು ಚೆರಿ ಸಂಸ್ಥೆ ದಿಂಡಿಗೆ ಬಣ್ಣ ಹಚ್ಚಿತು: ಕೆಂಪು ನುಣುಪಿನದು, ಕಂದು ಉಬ್ಬಿನದು, ನೀಲಿ ಸದ್ದಿನದು. 2010ರ ದಶಕದಲ್ಲಿ ಮೂಲ ಪೇಟೆಂಟಿನ ಅವಧಿ ತೀರಿದ ಮೇಲೆ ಚೀನಾದ ತಯಾರಕರು ಇದೇ ಅಳತೆಯ ಸ್ವಿಚ್ಚುಗಳನ್ನು ಬಗೆಬಗೆಯಾಗಿ ಮಾಡತೊಡಗಿದರು. ಎಷ್ಟು ಬಗೆ ಬಂದರೂ ದಿಂಡಿನ ತುದಿಯಲ್ಲಿರುವ ಕೂಡುಗೆರೆಯಾಕಾರದ ಚಿಕ್ಕ ಮೊಳೆ ಮಾತ್ರ ಬಹುಪಾಲು ಒಂದೇ ಅಳತೆಯದಾಗಿ ಉಳಿಯಿತು. ಈ ಒಂದು ಸಾಮ್ಯವೇ ಹವ್ಯಾಸದ ಬುನಾದಿ. ಯಾರೋ ಮಾಡಿದ ಟೊಪ್ಪಿಗೆ ಇನ್ಯಾರದೋ ಸ್ವಿಚ್ಚಿನ ತಲೆಗೆ ಸರಿಯಾಗಿ ಕೂರುತ್ತದೆ.

ಜೋಡಿಸುವವರ ಅಂಗಡಿ

2019ರ ಜನವರಿಯಲ್ಲಿ ಅಕಿಹಾಬಾರಾದ ಉತ್ತರಕ್ಕೆ, ಸುಎಹಿರೋಚೋ ನಿಲ್ದಾಣದಿಂದ ಕಾಲ್ನಡಿಗೆಯಷ್ಟು ದೂರದಲ್ಲಿ, ‘ಯೂಶಾ ಕೋಬೋ’ ಎಂಬ ಅಂಗಡಿ ಬಾಗಿಲು ತೆರೆಯಿತು. ಕೈಯಿಂದ ಕಟ್ಟುವ ಕೀಲಿಮಣೆಗಳಿಗೇ ಮೀಸಲಾದ ಅಂಗಡಿ ಅದು. ‘ಯೂಶಾ’ ಎಂಬುದನ್ನು ಕಿವಿಯಿಂದ ಕೇಳಿದರೆ ವೀರ ಎಂಬರ್ಥ ಬರುತ್ತದೆ. ಫಲಕದಲ್ಲಿ ಬರೆದ ಚಿತ್ರಾಕ್ಷರಗಳನ್ನು ಓದಿದರೆ ಆಟ ಮತ್ತು ಮನೆ ಎಂಬ ಅರ್ಥಗಳು ಹೊಮ್ಮುತ್ತವೆ. ಹೆಸರಿನಲ್ಲೇ ಶ್ಲೇಷೆಯನ್ನಿಟ್ಟುಕೊಂಡ ಈ ಅಂಗಡಿ ಗಿರಾಕಿಗಳಿಗೆ ಬರಿಯ ಸಾಮಾನು ಕೊಡುವುದಕ್ಕಷ್ಟೇ ನಿಲ್ಲಲಿಲ್ಲ; ಅಲ್ಲಿಯೇ ಕುಳಿತು ಬೆಸುಗೆ ಹಾಕಲು ಮೇಜು, ಸಲಕರಣೆಗಳ ಏರ್ಪಾಡನ್ನೂ ಮಾಡಿತು. ಕೊಂಡದ್ದನ್ನು ಅಲ್ಲೇ ಜೋಡಿಸುವ, ತಪ್ಪಿದರೆ ಪಕ್ಕದವರನ್ನು ಕೇಳುವ ಹಳೆಯ ರೇಡಿಯೋ ದಿನಗಳ ಪದ್ಧತಿ ಹೀಗೆ ಮರಳಿ ಬಂತು.

ಕಟ್ಟುವ ಕ್ರಮ ತಾಳ್ಮೆಯನ್ನು ಬೇಡುವಂಥದು. ಮೊದಲು ವಿದ್ಯುತ್ ಫಲಕದ ಮೇಲೆ ಒಂದೊಂದು ಕೀಲಿಗೂ ಒಂದೊಂದು ಡಯೋಡನ್ನು ಬೆಸೆಯಬೇಕು. ಅಕ್ಕಿಕಾಳಿಗಿಂತ ಸಣ್ಣ ಡಯೋಡುಗಳೂ ಉಂಟು. ತಲೆಕೆಳಗಾಗಿ ಇಟ್ಟರೆ ಆ ಕೀಲಿ ಮೂಕವಾಗುತ್ತದೆ. ಅನಂತರ ಸ್ವಿಚ್ಚುಗಳ ಸರದಿ. ಆತುರವಿಲ್ಲದವರು ಅವನ್ನು ಹಾಗೆಯೇ ಕೂರಿಸುವುದಿಲ್ಲ. ಒಂದೊಂದನ್ನೂ ಬಿಚ್ಚಿ, ದಿಂಡಿನ ಪಕ್ಕೆಗಳಿಗೂ ಸ್ಪ್ರಿಂಗಿಗೂ ಸಣ್ಣ ಕುಂಚದಿಂದ ತೆಳ್ಳಗೆ ಗ್ರೀಸು ಸವರಿ, ಮತ್ತೆ ಮುಚ್ಚುತ್ತಾರೆ. ಅರವತ್ತು ಕೀಲಿಯ ಮಣೆಯೆಂದರೆ ಈ ಕ್ರಿಯೆ ಅರವತ್ತು ಸಲ. ಗ್ರೀಸು ಹೆಚ್ಚಾದರೆ ಕೀಲಿ ಜಡವಾಗುತ್ತದೆ. ಕಡಮೆಯಾದರೆ ಕರಕರ ಉಳಿಯುತ್ತದೆ. ವೀಣೆಯ ಮೇಳ ಕಟ್ಟುವವರು ಮೇಣದ ಮೇಲೆ ಒಂದೊಂದು ಮೆಟ್ಟಿಲನ್ನೂ ಕಿವಿಗೊಟ್ಟು ಕೂರಿಸುವ ಶ್ರದ್ಧೆಯನ್ನು ಕಂಡವರಿಗೆ ಈ ಕೆಲಸದ ಸ್ವಭಾವ ಸುಲಭವಾಗಿ ತಿಳಿದೀತು.

ವೀಣೆಯ ಹೋಲಿಕೆ ಬರಿಯ ಅಲಂಕಾರವಲ್ಲ; ಈ ಹವ್ಯಾಸದಲ್ಲಿ ನಾದಕ್ಕೆ ಬಹಳ ಬೆಲೆ. ಉದ್ದವಾದ ಸ್ಪೇಸ್ ಕೀಲಿಯ ಎರಡು ತುದಿಗಳೂ ಸಮನಾಗಿ ಇಳಿಯಲೆಂದು ಅದರಡಿಯಲ್ಲಿ ಬಾಗಿಸಿದ ತಂತಿಯೊಂದಿರುತ್ತದೆ. ಆ ತಂತಿ ಸಡಿಲವಾಗಿದ್ದರೆ ಪ್ರತಿ ಪದಕ್ಕೂ ಒಮ್ಮೆ ಗಿಲಕಿಯಂತೆ ಗಲಗಲಿಸುತ್ತದೆ. ಇದನ್ನು ಸುಮ್ಮನಾಗಿಸಲು ತಂತಿ ಬಡಿಯುವ ಜಾಗದಲ್ಲಿ, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಒಂದು ತುಂಡನ್ನು ಕತ್ತರಿಸಿ ಅಂಟಿಸುತ್ತಾರೆ. ಫಲಕದ ಬೆನ್ನಿಗೆ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪನ್ನು ಎರಡು ಮೂರು ಪದರ ಹಚ್ಚಿದರೆ ಸದ್ದಿನ ಸ್ಥಾಯಿಯೇ ಬದಲಾಗುತ್ತದೆ. ಪೆಟ್ಟಿಗೆಯ ತಳಕ್ಕೆ ನೊರೆಹಾಳೆ ಹಾಸಿದರೆ ಟೊಳ್ಳು ಸದ್ದು ಅಡಗುತ್ತದೆ. ಔಷಧದ ಪೆಟ್ಟಿಗೆಯ ವಸ್ತುವನ್ನೂ ಬಣ್ಣಗಾರನ ಟೇಪನ್ನೂ ತಂದು ಕೀಲಿಮಣೆಯ ಶ್ರುತಿ ಸರಿಪಡಿಸುವ ಈ ಉಪಾಯಗಳು ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಹವ್ಯಾಸಿಗಳೇ ಪ್ರಯೋಗ ಮಾಡಿ ಕಂಡುಕೊಂಡು ಒಬ್ಬರಿಂದೊಬ್ಬರಿಗೆ ಹಂಚಿದವು.

ಟೊಪ್ಪಿಗೆಗಳ ಬೆಡಗು

ಎಲ್ಲಕ್ಕಿಂತ ಕಡೆಯಲ್ಲಿ ಬರುವುದು ಕೀಕ್ಯಾಪ್, ಎಂದರೆ ಕೀಲಿಯ ತಲೆಯ ಟೊಪ್ಪಿಗೆ. ಬೆರಳು ಮುಟ್ಟುವುದೂ ಕಣ್ಣು ನೋಡುವುದೂ ಇದನ್ನೇ. ಸಾಮಾನ್ಯವಾಗಿ ಎಬಿಎಸ್ ಮತ್ತು ಪಿಬಿಟಿ ಎಂಬ ಎರಡು ಬಗೆಯ ಪ್ಲಾಸ್ಟಿಕ್ಕಿನಿಂದ ಇವನ್ನು ಮಾಡುತ್ತಾರೆ. ಎಬಿಎಸ್ ಬಣ್ಣಗಳನ್ನು ಸೊಗಸಾಗಿ ತಾಳುತ್ತದೆ. ಆದರೆ ವರ್ಷಗಟ್ಟಲೆ ಬೆರಳು ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ಮಿರುಗತೊಡಗುತ್ತದೆ. ಪಿಬಿಟಿ ಈ ಸವೆತವನ್ನು ಹೆಚ್ಚು ಕಾಲ ತಡೆಯುತ್ತದೆ. ಅಕ್ಷರ ಮೂಡಿಸುವುದರಲ್ಲೂ ಭೇದಗಳಿವೆ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದರೆ ಅಕ್ಷರವೇ ಒಂದು ಪ್ರತ್ಯೇಕ ತುಂಡಾಗಿರುತ್ತದೆ. ಟೊಪ್ಪಿಗೆ ಸವೆದರೂ ಅಕ್ಷರ ಅಳಿಯದು. ಶಾಖದಿಂದ ಬಣ್ಣವನ್ನು ಪ್ಲಾಸ್ಟಿಕ್ಕಿನೊಳಕ್ಕೆ ಇಳಿಸುವುದು ಇನ್ನೊಂದು ವಿಧಾನ.

ಇವು ಕಾರ್ಖಾನೆಯ ಮಾತಾದವು. ಒಂದೇ ಒಂದು ಕೀಲಿಗೆಂದು ಕೈಯಿಂದ ಮಾಡುವ ಟೊಪ್ಪಿಗೆಗಳದು ಬೇರೆ ಕಥೆ. ಮೊದಲು ಜೇಡಿಯಂಥ ಮೆದುವಸ್ತುವಿನಲ್ಲಿ ಪುಟ್ಟ ಆಕೃತಿಯನ್ನು ತಿದ್ದಿ, ಅದರಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಬಣ್ಣ ಬೆರೆಸಿದ ರಾಳವನ್ನು ಹೊಯ್ಯುತ್ತಾರೆ. ಗಾಳಿಗುಳ್ಳೆ ನಿಲ್ಲದಂತೆ ಒತ್ತಡದ ಪಾತ್ರೆಯಲ್ಲಿಟ್ಟು ಗಟ್ಟಿಯಾಗಲು ಬಿಡುತ್ತಾರೆ. ಕೀಲಿಗೂ ಕೀಲಿಗೂ ನಡುವಿನ ಅಂತರ 19 ಮಿಲಿಮೀಟರಿನಷ್ಟು; ಅಷ್ಟರೊಳಗೇ ನಿದ್ರಿಸುವ ಬೆಕ್ಕು, ಹಿಮ ಹೊದ್ದ ಬೆಟ್ಟ, ಅನ್ನದ ಮೇಲೆ ಮೀನಿನ ಚೂರಿಟ್ಟ ಸುಶಿ ಎಲ್ಲವೂ ಅಡಗಬೇಕು. ಹೋಟೆಲುಗಳ ಗಾಜಿನ ಕಪಾಟಿನಲ್ಲಿಡುವ ಕೃತಕ ಊಟದ ಮಾದರಿಗಳು ಜಪಾನೀಯರ ಹಳೆಯ ಕುಶಲಕಲೆ. ಅವನ್ನು ಮಾರುವ ಕಪ್ಪಾಬಾಶಿ ಬೀದಿ ಅಕಿಹಾಬಾರಾಕ್ಕೆ ದೂರದ್ದೇನಲ್ಲ. ನಿಜವಾದ ಸುಶಿಯೆಂದೇ ಭ್ರಮೆ ಹುಟ್ಟಿಸುವ ಕೈಚಳಕ ಇಂಥ ನಾಡಿನಲ್ಲಿ ಕೀಲಿಯ ತಲೆಗೂ ಏರಿದ್ದು ಸಹಜವೇ.

ಟೊಪ್ಪಿಗೆಯ ವೈಭವಕ್ಕೆ ಶಿಖರವಿಟ್ಟ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ಇಶಿಕಾವಾ ಪ್ರಾಂತದ ಪಿಎಫ್‌ಯು ಎಂಬ ಸಂಸ್ಥೆ ತನ್ನ ಪ್ರಸಿದ್ಧ ಕೀಲಿಮಣೆಗೆ ಹತ್ತು ವರ್ಷ ತುಂಬಿದ ನೆನಪಿಗಾಗಿ 2006ರಲ್ಲಿ ವಿಶೇಷ ಮಣೆಯೊಂದನ್ನು ಹೊರತಂದಿತು. ಅದರ ಟೊಪ್ಪಿಗೆಗಳಿಗೆ ಅದೇ ಪ್ರಾಂತದ ವಾಜಿಮಾ ಪಟ್ಟಣದ ಸಾಂಪ್ರದಾಯಿಕ ಮೆರುಗನ್ನು ಕುಶಲಕರ್ಮಿಗಳು ಕೈಯಿಂದ ಲೇಪಿಸಿದ್ದರು. ಬೆಲೆ 5,25,000 ಯೆನ್! ‘ಉರುಶಿ’ ಎಂಬ ಮರದ ಹಾಲಿನಿಂದ ತಯಾರಾಗುವ ಈ ಮೆರುಗು ಬಿಸಿಲಿಗಿಟ್ಟರೆ ಒಣಗುವಂಥದಲ್ಲ. ತೇವದ ಗಾಳಿಯಲ್ಲಿಟ್ಟಾಗಲೇ ಗಟ್ಟಿಯಾಗುತ್ತದೆ. ಪದರದ ಮೇಲೆ ಪದರ ಹಚ್ಚುತ್ತಾ ತಿಂಗಳುಗಟ್ಟಲೆ ಕಾಯಬೇಕು. ಚನ್ನಪಟ್ಟಣದ ಬೊಂಬೆಗಳ ಮೇಲಿನ ಮೆರುಗು ಕೀಟದಿಂದ ದೊರೆಯುವ ಅರಗಿನದು. ಉರುಶಿ ಸಸ್ಯದಿಂದ ಬಂದದ್ದು. ಆದರೂ ಎರಡರ ನಡುವೆ ನಂಟಿಲ್ಲದಿಲ್ಲ. ಚನ್ನಪಟ್ಟಣದ ಬೊಂಬೆಗಳ ಪಿತಾಮಹನೆಂದು ಹೆಸರಾದ ಬವಾಸ್ ಮಿಯಾನ್ ಜಪಾನೀಯರ ವಿಧಾನಗಳನ್ನು ತನ್ನ ಊರಿನ ಕಸುಬಿಗೆ ಅಳವಡಿಸಿದನೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಆ ವಾಜಿಮಾ ಪಟ್ಟಣಕ್ಕೆ 2024ರ ಹೊಸವರ್ಷದ ದಿನವೇ ಘೋರವಾದ ಆಪತ್ತು ಒದಗಿತು. 7.6ರ ಪ್ರಮಾಣದ ಭೂಕಂಪವಾಗಿ, ಹಿಂದೆಯೇ ಹೊತ್ತಿದ ಬೆಂಕಿಯಲ್ಲಿ ಅಲ್ಲಿನ ಹೆಸರಾಂತ ಬೆಳಗಿನ ಸಂತೆಯ ಬೀದಿ ಉರಿದುಹೋಯಿತು. ಮೆರುಗಿನ ಕಸುಬುದಾರರಲ್ಲಿ ಅನೇಕರು ಮನೆಯನ್ನೂ ಕಾರ್ಯಾಗಾರವನ್ನೂ ಕಳೆದುಕೊಂಡರು. ಕೈಕಸುಬೆಂಬುದು ಎಷ್ಟು ಸೂಕ್ಷ್ಮವಾದ ತೊಟ್ಟಿನ ಮೇಲೆ ನಿಂತಿದೆಯೆಂಬುದನ್ನು ಈ ಅನಾಹುತ ತೋರಿಸಿಕೊಟ್ಟಿತು.

ಕುದುರೆ ಮತ್ತು ಜೀನು

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ಅರಸುವವರು ಟೋಕಿಯೋ ವಿಶ್ವವಿದ್ಯಾಲಯದ ಗಣಕಶಾಸ್ತ್ರಜ್ಞರಾಗಿದ್ದ ಪ್ರೊ|| ಏಯಿಚಿ ವಾಡಾ ಅವರ ಮಾತನ್ನು ನೆನೆಯುತ್ತಾರೆ. ಪಿಎಫ್‌ಯು ಸಂಸ್ಥೆಯ ಆ ಪ್ರಸಿದ್ಧ ಮಣೆ 1996ರಲ್ಲಿ ರೂಪುಗೊಂಡದ್ದು ಅವರ ವಿಚಾರಗಳ ಆಧಾರದ ಮೇಲೆ. ಅಮೆರಿಕದ ದನಗಾಹಿಗಳು ಮರುಭೂಮಿಯಲ್ಲಿ ಕುದುರೆ ಸತ್ತರೆ ಅದನ್ನು ಅಲ್ಲಿಯೇ ಬಿಟ್ಟರೂ ಜೀನನ್ನು ಮಾತ್ರ ಹೊತ್ತು ನಡೆಯುತ್ತಾರೆ. ಕುದುರೆ ಇಂದಲ್ಲ ನಾಳೆ ಮುಗಿಯುವ ವಸ್ತು, ಜೀನು ಮೈಗೆ ಒಗ್ಗಿದ ಸಂಗಾತಿ ಎಂಬುದು ಅವರ ಮಾತಿನ ಭಾವ. ಗಣಕಯಂತ್ರಗಳು ನಾಲ್ಕಾರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಅವುಗಳನ್ನು ಮುಟ್ಟುವ ಕೈ ಬದಲಾಗುವುದಿಲ್ಲ. ಆದುದರಿಂದ ಕೀಲಿಮಣೆ ಯಂತ್ರಕ್ಕೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು ಎಂದು ಅವರು ಭಾವಿಸಿದರು.

ಅವರ ಮಣೆಯಲ್ಲಿದ್ದುದು 60 ಕೀಲಿಗಳು ಮಾತ್ರ. ಸಾಮಾನ್ಯ ಮಣೆಯಲ್ಲಿ ನೂರಕ್ಕೂ ಮೇಲೆ. ಮುಂದೆ ಅಕ್ಷರಗಳನ್ನೇ ಮುದ್ರಿಸದ ಬೋಳು ಟೊಪ್ಪಿಗೆಯ ಮಣೆಯೂ ಬಂತು. ಬೆರಳಿಗೆ ಅಕ್ಷರದ ಜಾಗ ಗೊತ್ತಿದ್ದ ಮೇಲೆ ಕಣ್ಣಿಗೆ ಹೇಳುವ ಅಗತ್ಯವೇನು ಎಂಬುದು ಅದರ ತರ್ಕ. ಜಪಾನಿನ ಹವ್ಯಾಸಿಗಳು ಇನ್ನೂ ಮುಂದೆ ಹೋದರು. ಅವರು ಪ್ರಚಾರಕ್ಕೆ ತಂದ ‘ಕೋರ್ನೆ’ ಎಂಬ ಮಣೆಯಲ್ಲಿ ಕೀಲಿಗಳ ಸಂಖ್ಯೆ 42. ಅದೂ ಎರಡು ಹೋಳು, ಒಂದೊಂದು ಕೈಗೆ ಇಪ್ಪತ್ತೊಂದು. ಹೆಬ್ಬೆರಳಿನಿಂದ ಒಂದು ಕೀಲಿಯನ್ನು ಒತ್ತಿ ಹಿಡಿದರೆ ಅಕ್ಷರದ ಕೀಲಿಗಳೇ ಅಂಕಿಗಳಾಗುತ್ತವೆ, ಇನ್ನೊಂದನ್ನು ಹಿಡಿದರೆ ಚಿಹ್ನೆಗಳಾಗುತ್ತವೆ. ಯಾವ ಕೀಲಿ ಯಾವಾಗ ಏನಾಗಬೇಕೆಂಬುದನ್ನು ಕಟ್ಟಿದವರೇ ಬರೆದುಕೊಳ್ಳಬಹುದು.

ಎರಡು ಹೋಳಿನ ಮಣೆ ಹುಟ್ಟಿದ್ದು ಕೇವಲ ಚಮತ್ಕಾರಕ್ಕಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಅಕ್ಷರ ಒತ್ತುವವರ ಮಣಿಕಟ್ಟು ಹೊರಕ್ಕೆ ಬಾಗಿ, ಭುಜಗಳು ಒಳಕ್ಕೆ ಕುಗ್ಗಿ, ನೋವು ಬೇರೂರುವುದುಂಟು. ಆ ನೋವು ಮುಂದುವರಿದರೆ ಲೋಟ ಎತ್ತುವುದೂ ಪ್ರಯಾಸ; ಅಂಥವರಿಗೆ ಉದ್ಯೋಗದ ಪ್ರಶ್ನೆಯೇ ಎದುರಾಗುತ್ತದೆ. ಹೋಳುಗಳನ್ನು ಭುಜದಗಲಕ್ಕೆ ದೂರವಿಟ್ಟು, ಬೇಕಾದಷ್ಟು ವಾಲಿಸಿದರೆ ಕೈಗಳು ನೇರವಾಗಿ ಚಾಚುತ್ತವೆ. ಇದು ವೈದ್ಯಕ್ಕೆ ಬದಲಿಯಲ್ಲ. ಆದರೆ ಸರಾಸರಿ ಮನುಷ್ಯನ ಅಳತೆಗೆ ಮಾಡಿದ ಮಣೆಗೆ ತನ್ನ ಮೈಯನ್ನು ಒಗ್ಗಿಸುವ ಬದಲು, ತನ್ನ ಮೈಗೆ ಮಣೆಯನ್ನು ಒಗ್ಗಿಸಿಕೊಳ್ಳುವ ಸ್ವಾತಂತ್ರ್ಯ ಅದರಿಂದ ದೊರೆಯುತ್ತದೆ.

ಲಿಪಿಯ ತೊಡಕು

ಜಪಾನೀಯರಿಗೆ ಕೀಲಿಮಣೆಯ ಮೇಲೆ ಇಷ್ಟು ಆಸ್ಥೆ ಹುಟ್ಟಲು ಅವರ ಲಿಪಿಯೂ ಒಂದು ಕಾರಣವಿರಬೇಕು. ಸಾವಿರಾರು ಚಿತ್ರಾಕ್ಷರಗಳನ್ನೂ ಎರಡು ಬಗೆಯ ಕಾನಾ ಅಕ್ಷರಗಳನ್ನೂ ಬಳಸುವ ಭಾಷೆ ಅದು. ಬಹುಮಂದಿ ರೋಮನ್ ಅಕ್ಷರಗಳಲ್ಲಿ ಉಚ್ಚಾರವನ್ನು ಒತ್ತಿ, ಒಂದು ಕೀಲಿಯಿಂದ ಅದನ್ನು ಚಿತ್ರಾಕ್ಷರಕ್ಕೆ ಪರಿವರ್ತಿಸಿಕೊಳ್ಳುತ್ತಾರೆ. ಈ ಪರಿವರ್ತನೆಯ ಕೀಲಿಗಳಿಗೆ ಎಡೆಮಾಡಿಕೊಡಲು ಜಪಾನೀ ಮಣೆಗಳಲ್ಲಿ ಸ್ಪೇಸ್ ಕೀಲಿ ಮೊಟಕಾಗಿರುತ್ತದೆ.

ಬೇರೆ ನುಡಿಗೆಂದು ಮಾಡಿದ ಮಣೆಯ ಮೇಲೆ ತಮ್ಮ ನುಡಿಯನ್ನು ಕೂರಿಸುವ ಈ ತೊಡಕು ಕನ್ನಡಿಗರಿಗೆ ಹೊಸದಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ರೋಮನ್ ಅಕ್ಷರಗಳ 26 ಕೀಲಿಗಳೊಳಗೇ ಕನ್ನಡದ ಸ್ವರ, ವ್ಯಂಜನ, ಒತ್ತಕ್ಷರಗಳೆಲ್ಲ ಅಡಕವಾದವು. ‘ಎಫ್’ ಕೀಲಿ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿಯಾಯಿತು. ‘ಅಕ್ಕ’ ಎಂದು ಬರೆಯಲು ನಾಲ್ಕೇ ಒತ್ತು ಸಾಕಾಯಿತು. ಇದೇ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲಿ ಹರಡಿತು. ಕೈಯಿಂದ ಕಟ್ಟುವ ಮಣೆಯಲ್ಲಿ ಆ ಕೊಂಡಿಯ ಕೀಲಿಯನ್ನು ಹೆಬ್ಬೆರಳಿನ ಅಡಿಗೆ ತರಬಹುದು; ಟೊಪ್ಪಿಗೆಯ ಮೇಲೆ ‘ಕ’, ‘ಖ’ಗಳನ್ನು ಮೂಡಿಸಬಹುದು. ಸಣ್ಣ ಭಾಷೆಗೆ ದೊಡ್ಡ ಕಾರ್ಖಾನೆ ಕಾಯುವುದಿಲ್ಲ. ಹವ್ಯಾಸಿಯ ಮೇಜಿಗೆ ಆ ಲೆಕ್ಕಾಚಾರದ ಹಂಗಿಲ್ಲ.

ನಗೆಯ ಮಣೆಗಳು

ಗಂಭೀರ ಪ್ರಯೋಜನಗಳ ಜೊತೆಗೆ ವಿನೋದಕ್ಕೂ ಇಲ್ಲಿ ಬರವಿಲ್ಲ. ಗೂಗಲ್ ಸಂಸ್ಥೆಯ ಜಪಾನ್ ಶಾಖೆ 2010ರ ಏಪ್ರಿಲ್ ಒಂದರಂದು, ಡ್ರಮ್ ವಾದ್ಯಗಳಂತೆ ಕುಳಿತವರ ಸುತ್ತ ಹರಡಿಕೊಳ್ಳುವ ಬೃಹತ್ ಕೀಲಿಮಣೆಯನ್ನು ತೋರಿಸಿ ಜನರನ್ನು ನಗಿಸಿತು. 2021ರಲ್ಲಿ ಬಂದದ್ದು ಸುಶಿ ಅಂಗಡಿಯ ಚಹಾ ಬಟ್ಟಲಿನ ಆಕಾರದ್ದು. ಮೀನುಗಳ ಹೆಸರಿನ ಚಿತ್ರಾಕ್ಷರಗಳು ಅದರ ಸುತ್ತ ಕೀಲಿಗಳಾಗಿ ನಿಂತಿದ್ದವು. ಮರುವರ್ಷ ಎಲ್ಲ ಕೀಲಿಗಳನ್ನೂ ಒಂದೇ ಸಾಲಿನಲ್ಲಿಟ್ಟ, ಆಳುದ್ದದ ಕೋಲು. 2023ರಲ್ಲಿ ತಲೆಗೇ ಹಾಕಿಕೊಳ್ಳುವ ಟೊಪ್ಪಿ. ತಲೆ ತಿರುಗಿಸಿ ಅಕ್ಷರವನ್ನು ಆರಿಸಿ, ನೆತ್ತಿಯನ್ನು ಒತ್ತಿದರೆ ಬರಹ ಮೂಡುತ್ತದೆ. 2024ರಲ್ಲಿ ಒಳಗು ಹೊರಗಿಲ್ಲದ ತಿರುಚಿದ ಬಳೆಯಾಕಾರದ, 208 ಕೀಲಿಗಳ ಮಣೆ.

ಇವೆಲ್ಲ ಮಾರಾಟಕ್ಕೆ ಬಂದ ಸರಕುಗಳಲ್ಲ. ಆದರೆ ನಗಿಸಿ ಮುಗಿಸಲೂ ಇಲ್ಲ. ಅವುಗಳಲ್ಲಿ ಕೆಲವುಗಳ ನಕ್ಷೆ, ವಿದ್ಯುತ್ ಜೋಡಣೆ, ತಂತ್ರಾಂಶಗಳನ್ನು ಸಂಸ್ಥೆ ಬಹಿರಂಗಪಡಿಸಿ, ಬೇಕಾದವರು ತಾವೇ ಕಟ್ಟಿಕೊಳ್ಳಬಹುದೆಂದಿತು. ತಮಾಷೆಯೆಂದು ಬಂದ ಹುಡುಗ ಬೆಸುಗೆ ಕಲಿತು ಎದ್ದರೆ ಆ ತಮಾಷೆ ವ್ಯರ್ಥವಾದಂತಲ್ಲ.

ಇದೇ ಕಾಲಕ್ಕೆ ಹವ್ಯಾಸದ ಕುಂದುಗಳನ್ನೂ ಮರೆಮಾಚಬಾರದು. ಕಟ್ಟುವ ಸುಖ ಕೊಳ್ಳುವ ಚಟವಾಗಿ ತಿರುಗಲು ಬಹಳ ಹೊತ್ತು ಬೇಡ. ಹತ್ತು ಬೆರಳಿರುವವರ ಕಪಾಟಿನಲ್ಲಿ ಹದಿನೈದು ಮಣೆಗಳು ಸೇರಿಕೊಳ್ಳುತ್ತವೆ. ಅಪರೂಪದ ಟೊಪ್ಪಿಗೆಗಳಿಗೆ ಹಣವನ್ನು ಮೊದಲೇ ಕಟ್ಟಿ, ವರ್ಷವೆರಡು ವರ್ಷ ದಾರಿ ಕಾಯುವ ಪದ್ಧತಿಯಿದೆ. ಕಾದದ್ದು ಕೈಸೇರದೆ ಹೋದ ಪ್ರಸಂಗಗಳೂ ಇವೆ. ನೀಲಿ ದಿಂಡಿನ ಸ್ವಿಚ್ ಒತ್ತುವವನಿಗೆ ಸಂಗೀತವಾದರೂ ಪಕ್ಕದ ಮೇಜಿನವನಿಗೆ ತಲೆನೋವು. ಜಪಾನಿನ ಎಳೆಯರಂತೂ ದೂರವಾಣಿಯ ಗಾಜಿನ ಮೇಲೆ ಹೆಬ್ಬೆರಳನ್ನು ಸರಿಸಿಯೇ ಉದ್ದುದ್ದ ಪತ್ರಗಳನ್ನು ಬರೆದು ಮುಗಿಸುತ್ತಾರೆ. ಅವರ ಪಾಲಿಗೆ ಕೀಲಿಮಣೆಯೇ ಹಳೆಯ ಕಾಲದ ವಸ್ತು.

ಹಾಗಿದ್ದರೂ ಜನ ಸೇರುತ್ತಿದ್ದಾರೆ. 2024ರ ಮಾರ್ಚಿಯಲ್ಲಿ ಅಕಿಹಾಬಾರಾದ ಪಕ್ಕದ ನಿಲ್ದಾಣವಾದ ಅಸಾಕುಸಾಬಾಶಿಯಲ್ಲಿ ಕೀಲಿಮಣೆಗಳ ಸಂತೆಯೊಂದು ನೆರೆಯಿತು. ಬೊಂಬೆ ಮತ್ತು ಮಣಿಗಳ ವ್ಯಾಪಾರಕ್ಕೆ ಹಿಂದಿನಿಂದಲೂ ಹೆಸರಾದ ಆ ಬಡಾವಣೆಯಲ್ಲಿ, ತಾವು ರೂಪಿಸಿದ ಫಲಕಗಳನ್ನೂ ಟೊಪ್ಪಿಗೆಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಮಾಡಿದವರೇ ಮಾರಲು ಕುಳಿತರು. ಕೊಳ್ಳುವವನು ಪ್ರಶ್ನೆ ಕೇಳಿದರೆ ಉತ್ತರ ಹೇಳಲು ಮಾಡಿದವನೇ ಎದುರಿಗಿದ್ದ. 2013ರಲ್ಲಿ ಬಾಗಿಲು ಹಾಕಿದ ಮಳಿಗೆಗಳೊಡನೆ ಹೋಯಿತೆಂದುಕೊಂಡ ಬಾಯಿಮಾತಿನ ವಿದ್ಯೆ ಇಲ್ಲಿ ಮತ್ತೆ ಕೇಳಿಬಂತು. ಹಳೆಯ ಅಂಗಡಿಗಳಂತೂ ಮರಳಲಿಲ್ಲ. ಅವುಗಳ ಬಾಡಿಗೆಯನ್ನು ಕಟ್ಟುವ ಶಕ್ತಿ ಒಂದು ಹವ್ಯಾಸಕ್ಕಿಲ್ಲ.

ಅಕಿಹಾಬಾರಾಕ್ಕೆ ಹೋದವರು ಸಂಜೆಗೆ ಮೊದಲು ಪಶ್ಚಿಮದ ದಿಣ್ಣೆಯ ಮೇಲಿರುವ ಕಾಂಡಾ ಮ್ಯೋಜಿನ್ ದೇವಾಲಯಕ್ಕೂ ಹೋಗಿಬರುವುದು ಲೇಸು. 1616ರಿಂದ ಇದೇ ಜಾಗದಲ್ಲಿರುವ ಈ ದೇವಾಲಯದ ಕೆಂಪು ಮೆರುಗಿನ ಗುಡಿ 1934ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ್ದು. ಯುದ್ಧದ ಬೆಂಕಿಯಲ್ಲಿಯೂ ಉಳಿದುಕೊಂಡಿತು. ಪೇಟೆಯ ವರ್ತಕರಿಗೆಲ್ಲ ಇದೇ ಗ್ರಾಮದೇವತೆ. ಗಣಕಯಂತ್ರಗಳಿಗೂ ಅವುಗಳೊಳಗಿನ ವಿಷಯಗಳಿಗೂ ಕೇಡು ಬಾರದಿರಲೆಂದು ಇಲ್ಲಿ ವಿಶೇಷವಾದ ರಕ್ಷೆಯನ್ನು ಕೊಡುತ್ತಾರೆ. ಅಸಾಕುಸಾದ ಸೆನ್‌ಸೋಜಿ ದೇವಾಲಯದಲ್ಲಿ ಪ್ರತಿವರ್ಷ ಫೆಬ್ರವರಿ 8ರಂದು, ಹೊಲಿದು ಹೊಲಿದು ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ ವಿಶ್ರಾಂತಿ ಕೊಡುವ ಆಚರಣೆಯಿದೆ. ಆಯುಧಪೂಜೆಯ ದಿನ ಕೀಲಿಮಣೆಗೆ ಕುಂಕುಮವಿಟ್ಟು, ಸೇವಂತಿಗೆಯ ಎಸಳು ಕೀಲಿಗಳ ಸಂದಿಗೆ ಬೀಳದಂತೆ ಜಾಗರೂಕತೆಯಿಂದ ಹೂವೇರಿಸುವ ಕನ್ನಡಿಗರಿಗೆ ಈ ಭಾವನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.